ಉರಿಕಂಬಗಳ ಸುತ್ತ ಒಂದು ವೃತ್ತ

ಮೇ 9

ಬೆಳಗ್ಗೆ ಅನ್ಬಾರ್ ಮರುಭೂಮಿಯ ಮೇಲೆ ಅಂಗೈಯಷ್ಟು ಗುಲಾಬಿ ಇತ್ತು. ಮಧ್ಯಾಹ್ನದ ಹೊತ್ತಿಗೆ ಸಮಾವಾ ದಾಟಿ, ಅಂಗೈ ಬಿಚ್ಚಿ ಬೆರಳುಗಳಾಗಿ ನಮ್ಮ ಕಡೆ ಚಾಚಿತ್ತು. ಉಪಗ್ರಹದ ಚಿತ್ರದಲ್ಲಿ ಧೂಳು ಗುಲಾಬಿಯಾಗಿ ಕಾಣುತ್ತದೆ, ಮದುವೆ ಮನೆಯ ಪರದೆಯಂತೆ. ಅಷ್ಟು ಚೆಂದದ ಬಣ್ಣವನ್ನು ಅದಕ್ಕೆ ಯಾರು ಕೊಟ್ಟರೋ.

ಚಾಲಕರ ಫೋನ್ ಗುಂಪಿಗೆ ನನ್ನ ದನಿ ಕಳಿಸಿದೆ. “ಅಸರ್ ನಮಾಜಿನ ಹೊತ್ತಿಗೆ ನಮ್ಮ ಉಝೈರಿಗೆ ಬರುತ್ತೆ. ಅಮಾರಾ ಕಡೆ ಹೋಗೋರು ಈಗ್ಲೇ ಹೊರಡಿ. ಇಲ್ಲಾಂದ್ರೆ ಇವತ್ತು ಬೇಡ.”

ತಕ್ಷಣ ಅಬು ಗಸ್ಸಾನನ ಉತ್ತರ. ಅಪ್ಪ ಬಸ್ ಓಡಿಸುವ ಗ್ಯಾರೇಜಿನಲ್ಲಿ, ಅಂದರೆ ಊರಿನ ವಾಹನ ನಿಲ್ದಾಣದಲ್ಲಿ, ಎಲ್ಲರಿಗಿಂತ ಹಳೆಯ ವ್ಯಾನು, ಎಲ್ಲರಿಗಿಂತ ದೊಡ್ಡ ಬಾಯಿ ಅವನದು. “ಆಕಾಶ ನೋಡಿದ್ರೆ ಹಲ್ಲು ಕಿಸೀತಾ ಇದೆ! ದಾಖಿಲ್, ನಿನ್ನ ಮಗಳಿಗೆ ಬೇಗ ಒಂದು ಮದುವೆ ಮಾಡಯ್ಯ. ಹಗಲೊತ್ತು ಮಾಡೋಕೆ ಕೆಲ್ಸ ಇರುತ್ತೆ.”

ಅಪ್ಪ ಬಸ್ಸನ್ನು ನೆರಳಿಗೆ ಹಚ್ಚಿ ಮನೆಗೆ ಬಂದು ಮಲಗಿದರು. ಅದೇ ಅವರ ಉತ್ತರ.

ಇಳಿಹೊತ್ತಾಗಿ ಅಸರ್ ಆಗುತ್ತಿದ್ದಂತೆ ಮಾಳಿಗೆಗೆ ಓಡಿದೆ. ಪಶ್ಚಿಮದಲ್ಲಿ ಗೋಡೆಯೊಂದು ನಡೆದುಕೊಂಡು ಬರುತ್ತಿತ್ತು. ಮೊದಲು ಖರ್ಜೂರದ ತೋಟ ಹೋಯಿತು, ಆಮೇಲೆ ನೀರಿನ ಟ್ಯಾಂಕು, ಆಮೇಲೆ ಪಕ್ಕದ ಮನೆ. ಅಮ್ಮ ಕೆಳಗಿನಿಂದ ನನ್ನ ಹೆಸರು ಕೂಗಿ ಬೈಯುತ್ತಿದ್ದರು. ಪರದೆಯ ಮೇಲೆ ಕಂಡದ್ದು ಕಣ್ಣೆದುರು ಬಂದು ನಿಂತಾಗ ನನಗೆ ಆಗುವ ಸಂತೋಷ ತಪ್ಪೋ ಸರಿಯೋ ಗೊತ್ತಿಲ್ಲ. ಆಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಕತ್ತಲಾದ ಮೇಲೆ ಅಬು ಗಸ್ಸಾನನ ದನಿ, ಅರ್ಧ ಕೆಮ್ಮು: “ಮಗಳೇ, ನನ್ನ ಬಾನೆಟ್ಟು ನನಗೇ ಕಾಣ್ತಿಲ್ಲ. ರಸ್ತೆ ಪಕ್ಕ ಕೂತಿದೀನಿ. ಮದುವೆ ಮಾತು ವಾಪಸ್ ತಗೊಂಡೆ.”

ಮೇ 15

ಸೋದರತ್ತೆ ಬಂದಿದ್ದರು. ನಾನು ಶಾಲೆಗೆ ಮತ್ತೆ ಹೋಗಬೇಕಂತೆ. ಹೋಗುವುದಿಲ್ಲ ಎಂದೆ. ಆ ಕಥೆ ಊರಿಗೆಲ್ಲ ಗೊತ್ತು: ಪರೀಕ್ಷೆಯಲ್ಲಿ ಮೇಡಂ ಸಾಲುಗಳ ನಡುವೆ ಓಡಾಡುತ್ತ ಉತ್ತರ ಹೇಳಿಕೊಟ್ಟರು. ನಾನು ಬರೆದು, ಕೆಳಗೆ ‘ಈ ಉತ್ತರ ಮೇಡಂ ಹೇಳಿದ್ದು, ನನ್ನದಲ್ಲ’ ಎಂದು ಸೇರಿಸಿದೆ. ಅಳಿಸು ಎಂದರು. ಅಳಿಸಿದರೆ ಸುಳ್ಳಾಗುತ್ತದೆ ಎಂದೆ. ಆ ಬಾಗಿಲು ಅಲ್ಲಿಗೆ ಮುಚ್ಚಿತು.

“ಅಷ್ಟೊಂದು ಸತ್ಯ ಇಟ್ಕೊಂಡು ಏನ್ಮಾಡ್ತೀಯೇ?” ಎಂದರು ಅತ್ತೆ.

“ಧೂಳಿಗೆ ಬೇಕಾಗುತ್ತೆ,” ಎಂದರು ಅಪ್ಪ. ನಗು ಬಂತು. ಆದರೆ ನಿಜ. ಬಿಟ್ಟಿ ಸಿಗುವ ಚಿತ್ರಗಳನ್ನು ನೋಡುವುದು ಯಾರು ಬೇಕಾದರೂ ಕಲಿಯಬಹುದು. ಕಂಡದ್ದಕ್ಕಿಂತ ಹೆಚ್ಚು ಹೇಳದಿರುವುದೇ ಕಷ್ಟ.

ಮೇ 23

ಗುಂಪಿನಲ್ಲಿ ಗಲಾಟೆ. ನಾನು ಈಗ ಬೆಂಕಿಯನ್ನೂ ನೋಡುತ್ತಿದ್ದೇನೆ. ಉಪಗ್ರಹ ನೆಲದ ಕಾವನ್ನು ಹಿಡಿದು, ಬೆಂಕಿಯಿದ್ದಲ್ಲಿ ಕೆಂಪು ಚುಕ್ಕೆ ಇಡುತ್ತದೆ. ಹೊಗೆ ಬೇರೆ; ಅದು ಹಗಲಿನ ಚಿತ್ರದಲ್ಲಿ ಮಾತ್ರ, ನೀರು ಬೆರೆಸಿದ ಹಾಲಿನಂತೆ ತೆಳ್ಳಗೆ ಕಾಣುತ್ತದೆ. ಸೂರ್ಯ ಮುಳುಗಿದರೆ ಇಲ್ಲ.

ನಕ್ಷೆ ಕಳಿಸಿದೆ. ಜೌಗಿನ ಅಂಚಿನಲ್ಲಿ ಕೆಂಪು ಚುಕ್ಕೆಗಳ ಗೊಂಚಲು. ಯಾರೋ ‘ಜೊಂಡು ಉರೀತಾ ಇದೆ’ ಎಂದು ಹಬ್ಬಿಸಿದ್ದೇ ತಡ, ಅರ್ಧ ಊರು ಸೇತುವೆಯ ಮೇಲೆ ಬಂದು ನಿಂತಿತು. ನೋಡಿದರೆ ಅದು ಎಣ್ಣೆಯವರ ಉರಿಕಂಬ. ಬಾವಿಯಿಂದ ಬಂದ ಅನಿಲವನ್ನು ಆ ಕಂಬಗಳ ತುದಿಯಲ್ಲಿ ಹಗಲೂ ರಾತ್ರಿ ಸುಡುತ್ತಾರೆ. ನಾನು ಹುಟ್ಟುವುದಕ್ಕೆ ಮೊದಲಿನಿಂದ ಉರಿಯುತ್ತಿವೆ. ಬೀಬಿ ಫಿದ್ದಾ, ಅಪ್ಪನ ತಾಯಿ, ಕತ್ತಲಲ್ಲಿ ದೋಣಿ ನಡೆಸುವಾಗ ಅದನ್ನೇ ನೋಡಿ ದಿಕ್ಕು ಹಿಡಿಯುತ್ತಾಳೆ.

“ಮಗಳೇ, ನಾಳೆ ನಮ್ಮನೆ ಒಲೇನೂ ಹಾಕು ನಕ್ಷೇಲಿ,” ಎಂದ ಅಬು ಗಸ್ಸಾನ್. “ನನ್ನ ಹೆಂಡ್ತಿ ಅನ್ನ ಸೀಯಿಸಿದ್ದು ಬಾಗ್ದಾದಿಗೂ ಗೊತ್ತಾಗ್ಲಿ.”

ಅವನು ಹೇಳಿದ್ದು ಸರಿ. ಸುಳ್ಳು ಬೆಂಕಿ ತೋರಿಸುವುದೂ ಸುಳ್ಳೇ. ಉರಿಕಂಬಗಳ ಸುತ್ತ ಒಂದು ವೃತ್ತ ಎಳೆದೆ. ಅದರೊಳಗಿನ ಚುಕ್ಕೆಗಳು ಇನ್ನು ಮೇಲೆ ತೋರುವುದಿಲ್ಲ. ಕಂಬಗಳು ಅಲ್ಲಲ್ಲಿ ಹರಡಿರುವುದರಿಂದ ವೃತ್ತವನ್ನು ಸ್ವಲ್ಪ ದೊಡ್ಡದಾಗಿಯೇ ಹಾಕಿದೆ. ಅಲ್ಲಿ ಯಾರೂ ಇರುವುದಿಲ್ಲ.

ನಕ್ಷೆ ಈಗ ಎಷ್ಟು ಚೊಕ್ಕ!

ಜೂನ್ 8

ಚಾಸಿಬ್ ಚಿಕ್ಕಪ್ಪ ಬೆಳಗ್ಗೆ ಜೌಗಿನಿಂದ ಗೈಮರ್ ತಂದರು. ಬೀಬಿ ರಾತ್ರಿಯಿಡೀ ಕಾಯಿಸಿ ಕಟ್ಟಿದ ಎಮ್ಮೆ ಕೆನೆ. ಖರ್ಜೂರದ ಪಾಕ ಸುರಿದು ರೊಟ್ಟಿಯಲ್ಲಿ ಅದ್ದಿ ತಿಂದೆವು. ಜೌಗಿನಲ್ಲಿ ನೀರು ಇಳಿಯುತ್ತಿದೆಯಂತೆ. ಕಳೆದ ವರ್ಷ ದೋಣಿ ಹೋಗುತ್ತಿದ್ದಲ್ಲಿ ಈಗ ಮೋಟಾರ್ ಸೈಕಲ್ ಹೋಗುತ್ತದೆ.

“ಮತ್ತೆ ಗುಡಿಸಲು ಕೀಳ್ಬೇಕು,” ಎಂದರು. “ನೀರು ಮುಂದೆ ಮುಂದೆ, ಎಮ್ಮೆ ಅದರ ಹಿಂದೆ, ನಾನು ಎಮ್ಮೆ ಹಿಂದೆ, ಬೀಬಿ ನನ್ನ ಬೈಕೊಂಡು ನನ್ನ ಹಿಂದೆ.”

“ಇಲ್ಲಿಗೇ ಬಂದ್ಬಿಡಿ,” ಎಂದರು ಅಪ್ಪ.

“ಎಮ್ಮೇನ ನಿನ್ನ ಬಸ್ಸಲ್ಲಿ ಕೂರಿಸ್ತೀಯಾ? ಕಿಟಕಿ ಪಕ್ಕದ ಸೀಟು ಕೇಳ್ತವೆ ಅವು.”

ಜೂನ್ 19

ಧೂಳು, ಧೂಳು, ಧೂಳು. ಕಿಟಕಿಯ ಸಂದಿಗೆಲ್ಲ ಅಂಟುಪಟ್ಟಿ ಹಚ್ಚಿದೆ. ಕೋಣೆ ಕತ್ತಲು, ಪರದೆ ಇನ್ನೂ ಚೆನ್ನಾಗಿ ಕಾಣುತ್ತದೆ. ಮಾಳಿಗೆಗೆ ಹೋಗಲಿಲ್ಲ. ಮೇಲಿನಿಂದ ಎಲ್ಲ ಕಾಣುವಾಗ ಕೆಳಗಿನಿಂದ ನೋಡುವುದೇನಿದೆ.

ಅಮ್ಮ ನನ್ನ ಕೆಮ್ಮಿನ ಬಗ್ಗೆ ಏನೋ ಅಂದರು. ಜನರೇಟರ್ ಸದ್ದಿನಲ್ಲಿ ಕೇಳಿಸಲಿಲ್ಲ.

ಜುಲೈ 2

ಮುಹರ್ರಮ್. ಮನೆಯಲ್ಲೆಲ್ಲ ಕಪ್ಪು ಬಟ್ಟೆ. ಕಪ್ಪಿನ ಮೇಲೆ ಧೂಳು ಎದ್ದು ಕಾಣುತ್ತದೆಂದು ಅಮ್ಮ ದಿನಕ್ಕೆರಡು ಸಲ ಒಗೆಯುತ್ತಾರೆ. ಇವತ್ತು ಒಣಗಿದ ಬಟ್ಟೆ ತಂದು ನನ್ನ ಮೂಗಿಗೆ ಹಿಡಿದರು.

“ಮೂಸು. ಹೊಗೆ ವಾಸನೆ ಇಲ್ವಾ?”

ನನಗೆ ಈಗ ಯಾವ ವಾಸನೆಯೂ ಸರಿಯಾಗಿ ತಿಳಿಯುವುದಿಲ್ಲ. ಚಿತ್ರ ನೋಡಿದೆ. ಜೌಗಿನ ಮೇಲೆ ಮಂಕು, ಅಷ್ಟೆ. ನಕ್ಷೆಯಲ್ಲಿ ಚುಕ್ಕೆಯಿಲ್ಲ.

“ಇಲ್ಲಮ್ಮ. ಬೆಂಕಿ ಎಲ್ಲೂ ಇಲ್ಲ.”

“ನನ್ನ ಮೂಗು ಸುಳ್ಳು ಹೇಳುತ್ತಾ?”

“ಸುಳ್ಳಲ್ಲ. ಬೀದಿ ತುದಿಯಲ್ಲಿ ಹಲೀಮ್ ಬೇಯಿಸ್ತಿದಾರೆ, ಅದು.”

ಅಮ್ಮ ಬಟ್ಟೆ ಮಡಿಸಿಟ್ಟರು. ಮುಹರ್ರಮ್ಮಿಗೆ ದೊಡ್ಡ ಹಂಡೆಗಳಲ್ಲಿ ಹಲೀಮ್ ಬೇಯುತ್ತಿರುವುದು ನಿಜ. ಗಾಳಿ ಮಾತ್ರ ಆ ಕಡೆಯಿಂದ ಇರಲಿಲ್ಲ ಎಂದು ಈಗ ಬರೆಯುವಾಗ ಹೊಳೆಯುತ್ತಿದೆ. ಶರ್ಜಿ ಬೀಸುತ್ತಿತ್ತು, ಆಗ್ನೇಯದ ಬೆವರು ಗಾಳಿ. ಅದು ಬರುವುದು ಜೌಗಿನ ಮೇಲಿಂದ. ನಾಳೆ ಇನ್ನೊಮ್ಮೆ ನೋಡುತ್ತೇನೆ.

ಜುಲೈ 3

ನೋಡಿದೆ. ಚುಕ್ಕೆಯಿಲ್ಲ.

ಜುಲೈ 11

ಚಿಕ್ಕಪ್ಪ ಬಂದಿದ್ದರು. ಬಿಸಿಲಿಗೆ ಮುಖ ಹಳೆಯ ಚರ್ಮದ ಚೀಲವಾಗಿದೆ. ಕೊನೆಗೂ ನೀರು ಸಿಕ್ಕಿದೆಯಂತೆ, ಎಣ್ಣೆಯವರ ಒಡ್ಡಿನ ಬುಡದಲ್ಲಿ, ಎದೆಮಟ್ಟದ ಮಡು. ಗುಡಿಸಲು ಅಲ್ಲಿಗೇ ಎತ್ತಿದ್ದಾರೆ.

“ಉರಿಕಂಬದ ಬೆಳಕಲ್ಲೇ ಹಾಲು ಕರೀಬಹುದು. ದೀಪದೆಣ್ಣೆ ಉಳೀತು. ಬೀಬಿ ಮಾತ್ರ ಗೊಣಗ್ತಾಳೆ, ಇಷ್ಟು ಬೆಳಕಲ್ಲಿ ದೇವದೂತರು ಮನೆಗೆ ಬರಲ್ಲ ಅಂತ.”

ಅಪ್ಪ ನಕ್ಕರು. ನಾನೂ ನಕ್ಕೆ. ಬೀಬಿಗೆ ಫೋನು ಹಚ್ಚಿ, ಮಡುವಿನ ಮೇಲೆ ಧೂಳು ಯಾವಾಗ ಬರುತ್ತದೆಂದು ಹೇಳಿದೆ. “ನನ್ನ ಕಣ್ಣು ನೀನೇ ಕಣೇ,” ಎಂದಳು.

ಗೈಮರಿಗೆ ಹೊಗೆಯ ರುಚಿ ಇತ್ತು. ಸಂಜೆ ಸೊಳ್ಳೆಗೆಂದು ಎಮ್ಮೆಗಳ ಬಳಿ ಬೆರಣಿ ಹೊಗೆ ಹಾಕುವುದು ಇದ್ದದ್ದೇ. ಅಮ್ಮ ಒಂದು ತುತ್ತು ತಿಂದು ತಟ್ಟೆ ಸರಿಸಿದರು. “ಇದು ಬೆರಣಿ ಹೊಗೆಯಲ್ಲ. ಬೇರು ಸುಟ್ಟಂಗಿದೆ.”

“ಅಮ್ಮನ ನಾಲಿಗೇನೂ ಒಂದು ಉಪಗ್ರಹ,” ಎಂದೆ. ಎಲ್ಲರೂ ನಕ್ಕರು, ಅಮ್ಮ ಬಿಟ್ಟು.

ಜುಲೈ 19

ನನ್ನ ಬಾಳಿನಲ್ಲಿ ಇದಕ್ಕಿಂತ ಒಳ್ಳೆಯ ದಿನ ಬಂದಿಲ್ಲ.

ಈ ಸಲದ ಧೂಳು ಸಿರಿಯಾದ ಗಡಿಯಲ್ಲಿ ಹುಟ್ಟಿತು. ನಿನ್ನೆಯಿಂದ ಹಿಂಬಾಲಿಸಿದೆ. ನಡುವೆ ಮೋಡ ಬಂದು ಮುಚ್ಚಿದರೂ ಬಿಡದೆ ಅಂದಾಜು ಮಾಡಿದೆ, ಅಂದಾಜು ಎಂದು ಹೇಳಿಯೇ ಹೇಳಿದೆ. ಬೆಳಗ್ಗೆ ಹತ್ತು ಗಂಟೆಗೇ ಗ್ಯಾರೇಜ್ ಮುಚ್ಚಿದರು. ಹನ್ನೊಂದಕ್ಕೆ ಬಂತು. ಹೆದ್ದಾರಿಯಲ್ಲಿ ಬೇರೆ ಊರಿನ ವಾಹನಗಳು ಒಂದಕ್ಕೊಂದು ಗುದ್ದಿಕೊಂಡವಂತೆ. ನಮ್ಮವರು ಒಬ್ಬರೂ ರಸ್ತೆಯಲ್ಲಿರಲಿಲ್ಲ. ಅಬು ಗಸ್ಸಾನ್ ದನಿ ಕಳಿಸಿದ: “ದಾಖಿಲ್, ನಿನ್ನ ಮಗಳು ನನ್ನ ಮಕ್ಕಳನ್ನ ಅನಾಥರಾಗೋಕೆ ಬಿಡ್ಲಿಲ್ಲ. ಅವಳ ಬಾಯಿಗೆ ಸಕ್ಕರೆ ಹಾಕು.” ಅಪ್ಪ ನಿಜವಾಗಿಯೂ ಸಕ್ಕರೆ ಡಬ್ಬಿ ಹಿಡಿದು ಬಂದರು. ಒಂದು ಚಮಚ ತಿನ್ನಿಸಿ, ತಲೆ ಮುಟ್ಟಿ ಹೋದರು. ಶಾಲೆ ಬಿಟ್ಟ ಮೇಲೆ ಮೊದಲ ಸಲ.

ಸಂಜೆ ಧೂಳು ತೆಳುವಾಗಿ, ಅದನ್ನು ಹೊತ್ತು ತಂದ ವಾಯವ್ಯದ ಶಮಾಲ್ ಗಾಳಿ ನಿಂತಿತು. ಮಗ್ರಿಬ್ ಬಾಂಗಿನ ಹೊತ್ತಿಗೆ ಚಿಕ್ಕಪ್ಪನ ಫೋನು.

“ನಿಬ್ರಾಸ್, ಉರಿಕಂಬದ ಈಚೆ ಒಂದು ಕೆಂಪು ಜಾಸ್ತಿ ಇದ್ದಂಗಿದೆ. ಈ ಧೂಳಲ್ಲಿ ಕಂಬದ ಬೆಂಕೀನೋ ಬೇರೇನೋ ಗೊತ್ತಾಗ್ತಿಲ್ಲ. ನಿನ್ನ ಪೆಟ್ಟಿಗೆ ಏನನ್ನುತ್ತೆ?”

ಹೊಸ ನಕ್ಷೆ ಆಗಷ್ಟೇ ಬಂದಿತ್ತು. ನೋಡಿದೆ. ಜೌಗಿನಲ್ಲಿ ಒಂದು ಚುಕ್ಕೆಯೂ ಇಲ್ಲ.

“ಹೊಸ ಬೆಂಕಿ ಎಲ್ಲೂ ಇಲ್ಲ ಚಿಕ್ಕಪ್ಪ. ಈಗಷ್ಟೇ ನೋಡ್ದೆ.”

“ನೀನು ಹೇಳಿದ್ಮೇಲೆ ಮುಗೀತು. ಬೀಬಿ ಆಗ್ಲೇ ಗಂಟು ಕಟ್ಟಿ ದೋಣೀಲಿ ಇಟ್ಟಿದ್ಲು. ಬಿಚ್ಚು ಅಂತೀನಿ.”

ಹಿಂದಿನಿಂದ ಬೀಬಿಯ ದನಿ ಕೇಳಿಸಿತು. “ಮಗು ನೋಡಿ ಹೇಳ್ತಾ? ಹಂಗಾದ್ರೆ ಸರಿ.”

ಇವತ್ತು ನಿದ್ದೆ ಚೆನ್ನಾಗಿ ಬರುತ್ತದೆ.

ಜುಲೈ 20

ಎದ್ದಾಗ ಕೋಣೆಯಲ್ಲಿ ಹೊಗೆ. ಅಂಟುಪಟ್ಟಿ ಹಚ್ಚಿದ ಕೋಣೆಯಲ್ಲಿ. ಅಪ್ಪ ಬಸ್ ತೆಗೆದುಕೊಂಡು ಒಡ್ಡಿನ ಕಡೆ ಹೋಗಿದ್ದಾರೆ. ಚಿಕ್ಕಪ್ಪನ ಫೋನು ಹತ್ತುತ್ತಿಲ್ಲ.

ಅದೇ ದಿನ, ಸಂಜೆ

ಇಬ್ಬರೂ ಬದುಕಿದ್ದಾರೆ. ಅಷ್ಟು ಬರೆದರೆ ಸಾಕು.

ಜುಲೈ 24

ಬೀಬಿಯನ್ನು ಅಮಾರಾ ಆಸ್ಪತ್ರೆಯಿಂದ ನಮ್ಮ ಮನೆಗೆ ತಂದರು. ದನಿ ಹೋಗಿದೆ, ಉಸಿರಿನಲ್ಲಿ ಸೀಟಿ. ಮುಂದಿನ ಕೋಣೆಯಲ್ಲಿ ಮಲಗಿ, ಯಾರು ನೋಡಲು ಬಂದರೂ ಎಮ್ಮೆಗಳ ಹೆಸರು ಹಿಡಿದು ಒಂದೊಂದನ್ನೇ ಪಿಸುಗುಟ್ಟಿ ವಿಚಾರಿಸುತ್ತಾಳೆ. ಅರ್ಧದಷ್ಟು ಸತ್ತವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನನ್ನು ಕೇಳಿದಳು. ಹೇಳಿದೆ. ಕೋಣೆಯಲ್ಲಿದ್ದವರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು. ಬೀಬಿ ಮಾತ್ರ ನನ್ನ ಕೈ ಬಿಡಲಿಲ್ಲ.

ನಡೆದದ್ದು ಇಷ್ಟು. ಅವತ್ತು ರಾತ್ರಿ ಅವರು ಮಲಗಿದ ಸ್ವಲ್ಪ ಹೊತ್ತಿಗೆ ಶರ್ಜಿ ಎದ್ದಿತು. ಜೊಂಡು ಎಲ್ಲ ಕಡೆಯಿಂದ ಹತ್ತಿಕೊಂಡಿತು. ಚಿಕ್ಕಪ್ಪ ಬೀಬಿಯ ಕೈ ಹಿಡಿದು, ಒಣಗಿದ ಜೌಗಿನ ಮೇಲೆ ಓಡಿ ಮಡುವಿಗೆ ಇಳಿದರು. ಎಮ್ಮೆಗಳ ನಡುವೆ, ಗಂಟಲವರೆಗೆ ನೀರಲ್ಲಿ, ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು ಬೆಳಗಾಗುವ ತನಕ ನಿಂತಿದ್ದರು. ಹೊಗೆ ನೀರಿನ ಮೇಲೆ ಚಾಪೆ ಹಾಸಿದಂತೆ ಮಲಗಿತ್ತಂತೆ.

ಬೀಬಿಯ ಅಂಗಾಲು ಸುಟ್ಟಿದೆ. ಮೈಯಲ್ಲಿ ಬೇರೆಲ್ಲೂ ಒಂದು ಕಲೆಯಿಲ್ಲ. ಬಟ್ಟೆಯ ಅಂಚೂ ಕರಕಲಾಗಿಲ್ಲ. ಆಸ್ಪತ್ರೆಯವರಿಗೂ ಅರ್ಥವಾಗಲಿಲ್ಲವಂತೆ.

ಚಿಕ್ಕಪ್ಪ ನನ್ನನ್ನು ಬೈಯಲಿಲ್ಲ. “ನೀನು ಕಂಡದ್ದು ಹೇಳ್ದೆ ಕಣಮ್ಮ. ಉಪಗ್ರಹಕ್ಕೂ ಧೂಳು ಅಡ್ಡ ಬಂದಿರುತ್ತೆ.”

ಹಾಗೆಯೇ ಇರಬೇಕು.

ಜುಲೈ 26

ಹಾಗಲ್ಲ.

ಬೆಳಗ್ಗೆ ಬೀಬಿಯ ಅಂಗಾಲಿಗೆ ಮುಲಾಮು ಹಚ್ಚುತ್ತಿದ್ದೆ. ಮೇಲಿನಿಂದ ಬಿದ್ದ ಬೆಂಕಿಯಾದರೆ ತಲೆ, ಭುಜ ಸುಡಬೇಕು. ಅವಳ ಚಪ್ಪಲಿ ಓಡುವಾಗ ಬಿದ್ದುಹೋಗಿತ್ತು. ಹಾಗಾದರೆ ಬೆಂಕಿ ಇದ್ದದ್ದು ಕೆಳಗೆ, ನೆಲದೊಳಗೆ. ನೀರು ಬತ್ತಿದ ಜೌಗಿನ ನೆಲವೆಂದರೆ ಬರೀ ಬೇರು, ಹಳೆಯ ಜೊಂಡು. ಅದು ಒಳಗೊಳಗೇ ವಾರಗಟ್ಟಲೆ ಬೇಯುತ್ತದೆ. ಅಂಥದ್ದಕ್ಕೆ ಕಾವು ಇರಬೇಕು, ಒಂದಾದರೂ ಚುಕ್ಕೆ ಇರಬೇಕು. ಏಕಿರಲಿಲ್ಲ?

ಕೈಯಲ್ಲಿ ಮುಲಾಮು ಇದ್ದಂತೆಯೇ ಎದ್ದು ಹೋಗಿ ವೃತ್ತ ತೆಗೆದೆ.

ಜೂನ್ ಕೊನೆಯ ನಕ್ಷೆಯಿಂದಲೂ ಇದೆ. ಉರಿಕಂಬಗಳ ಈಚೆ, ಒಡ್ಡಿನ ಪಕ್ಕ, ಒಂದು ಮಂಕು ಚುಕ್ಕೆ. ಕೆಲವು ದಿನ ಇಲ್ಲ, ಕೆಲವು ದಿನ ಇದೆ, ಪ್ರತಿ ಸಲ ಸ್ವಲ್ಪ ಸರಿದು. ಅಮ್ಮ ಬಟ್ಟೆ ಮೂಸಿದ ದಿನ ಇದೆ. ಗೈಮರ್ ಬಂದ ದಿನ ಇದೆ. ಹತ್ತೊಂಬತ್ತರ ಸಂಜೆ ಇರುವೆ ಸಾಲಿನಂತೆ ಚುಕ್ಕೆಗಳು, ಮಡುವಿನ ಕಡೆಗೆ.

ಚಿಕ್ಕಪ್ಪ ಒಡ್ಡಿನ ಬುಡಕ್ಕೆ ಹೋದರೆಂದು ನಾನೇ ಇಲ್ಲಿ ಬರೆದಿದ್ದೇನೆ. ವೃತ್ತ ಎಳೆದದ್ದನ್ನೂ ಬರೆದಿದ್ದೇನೆ. ಎರಡನ್ನೂ ಬರೆದ ಕೈ ಒಂದೇ.

ಜುಲೈ 27

ಅಪ್ಪನಿಗೆ ತೋರಿಸಿದೆ. ಪರದೆಯ ಮೇಲೆ ಬೆರಳಿಟ್ಟು ಚುಕ್ಕೆಗಳನ್ನು ಎಣಿಸಿದರು.

“ಯಾರಿಗೆ ಹೇಳಿದೀಯ?”

“ನಿಮಗೆ.”

“ಇಲ್ಲಿಗೇ ನಿಲ್ಲಲಿ. ಧೂಳು ಅಡ್ಡ ಬಂತು ಅಂತ ಎಲ್ಲ ಒಪ್ಪಿಕೊಂಡಿದಾರೆ. ಚಾಸಿಬ್ಬೂ ಒಪ್ಪಿದಾನೆ. ನಾಳೆ ನಿನ್ನ ಮಾತು ಯಾರೂ ನಂಬದೇ ಇದ್ರೆ, ಮುಂದಿನ ಧೂಳಲ್ಲಿ ಸಾಯೋರು ಯಾರು ಹೇಳು? ಅಬು ಗಸ್ಸಾನ್ ಸಾಯ್ತಾನೆ. ನಾನು ಸಾಯ್ತೀನಿ.”

ಮೇಡಂ ಅಳಿಸು ಎಂದಾಗ ಉತ್ತರ ಎಷ್ಟು ಬೇಗ ಬಂದಿತ್ತು.

ಜುಲೈ 29

ಮೊದಲು ಬೀಬಿಗೆ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು. ಆಮೇಲೆ ಗಾಳಿಯಷ್ಟೇ ದನಿಯಲ್ಲಿ, “ಉರಿಕಂಬದ ಕಡೆ ನಾವು ಯಾರೂ ನೋಡೋದೇ ಬಿಟ್ಟಿದ್ವಲ್ಲೇ,” ಎಂದಳು. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಕೇಳಲೂ ಇಲ್ಲ.

ಆಮೇಲೆ ಗುಂಪಿಗೆ ದನಿ ಕಳಿಸಿದೆ. “ಉಪಗ್ರಹಕ್ಕೆ ಬೆಂಕಿ ಕಂಡಿತ್ತು. ಧೂಳು ಅಡ್ಡ ಬಂದಿರ್ಲಿಲ್ಲ. ಉರಿಕಂಬದ ಸುತ್ತ ನಾನೇ ಮುಚ್ಚಿದ್ದೆ. ಅದನ್ನ ತೆಗೆದಿದೀನಿ. ಇನ್ಮೇಲೆ ಎಲ್ಲ ಚುಕ್ಕೆ ಕಾಣುತ್ತೆ, ಯಾವುದು ಯಾವುದು ಅಂತ ನನಗೂ ಗೊತ್ತಾಗಲ್ಲ.”

ಎಲ್ಲರೂ ಕೇಳಿಸಿಕೊಂಡರು. ಮೂರು ಜನ ಗುಂಪು ಬಿಟ್ಟರು. ಅಪ್ಪ ಊಟಕ್ಕೆ ಬರಲಿಲ್ಲ.

ಜುಲೈ 30

ಮುಂಜಾನೆ ಅಬು ಗಸ್ಸಾನನ ಫೋನು. ಜೋಕಿಲ್ಲ, ‘ಮಗಳೇ’ ಅನ್ನಲಿಲ್ಲ. “ಅಮಾರಾ ರಸ್ತೆ ಹೇಗಿದೆ?”

“ಸ್ವಚ್ಛ ಇದೆ ಅಂತ ಕಾಣುತ್ತೆ. ಆದ್ರೂ ನೋಡ್ಕೊಂಡು ಹೋಗಿ.”

“ನೋಡ್ಕೊಂಡೇ ಹೋಗ್ತೀನಿ,” ಎಂದ. ಹೋದ.

ಆಗಸ್ಟ್ 4

ಚಿಕ್ಕಪ್ಪ ಮಡುವಿಗೆ ವಾಪಸ್ಸಾಗಿದ್ದಾರೆ. ಉಳಿದ ಎಮ್ಮೆಗಳಿಗೆ ಬೇರೆಲ್ಲೂ ನೀರಿಲ್ಲ. ನನ್ನ ತಪ್ಪು ಅವರಿಗೆ ಗೊತ್ತು. ಹೊರಡುವಾಗ ಬೀಬಿಯ ಹಾಸಿಗೆಯ ಬಳಿ ಬಗ್ಗಿ, ನನ್ನ ಕಡೆ ನೋಡದೆ, “ಫೋನು ಚಾರ್ಜಿಗೆ ಹಾಕಿಟ್ಟಿರ್ತೀನಿ,” ಎಂದರು.

ಕಿಟಕಿಯ ಅಂಟುಪಟ್ಟಿ ಕಿತ್ತೆ. ಹೊಗೆ ಬಂದರೆ ಮೂಗಿಗೆ ಬರಲಿ.

ಆಗಸ್ಟ್ 9

ಬೆಳಗ್ಗೆ ಅಮ್ಮ ಒಣಹಾಕಿದ ಬಟ್ಟೆಗಳನ್ನು ನಾನೇ ತಂದೆ. ಮಾಳಿಗೆಯ ಮೇಲೆ ನಿಂತು ಒಂದೊಂದಾಗಿ ಮೂಸಿದೆ. ಅಮ್ಮ ಮೆಟ್ಟಿಲ ಬಳಿ ನಿಂತು ನೋಡುತ್ತಿದ್ದರು. ನನಗೆ ಸಾಬೂನಿನ ವಾಸನೆ ಮಾತ್ರ ಬಂತು. ಅಪ್ಪನ ಕಪ್ಪು ಅಂಗಿಯನ್ನು ಅಮ್ಮನಿಗೆ ಕೊಟ್ಟೆ. ಅವರು ಮೂಸಿ, ಮಡಿಸದೆ, ಹಾಗೆಯೇ ಹಿಡಿದುಕೊಂಡು ನಿಂತರು.

ಕೆಳಗೆ ಬಂದು ನಕ್ಷೆ ನೋಡಿದೆ. ಉರಿಕಂಬಗಳ ಚುಕ್ಕೆಗಳು ತಮ್ಮ ತಮ್ಮ ಜಾಗದಲ್ಲಿವೆ. ಮಡುವಿನ ಬಳಿ ಏನೂ ಇಲ್ಲ. ಯಾವ ವೃತ್ತವೂ ಇಲ್ಲ, ಆದರೂ ಏನೂ ಇಲ್ಲ. ಹಗಲಿನ ಚಿತ್ರವೂ ತಿಳಿಯಾಗಿದೆ.

ಚಿಕ್ಕಪ್ಪನಿಗೆ ಫೋನು ಮಾಡಿದೆ.

“ಚಪ್ಪಲಿ ಬಿಚ್ಚಿ ಚಿಕ್ಕಪ್ಪ.”

“ಯಾಕೇ? ಮಸೀದಿಗೆ ಬಂದಿದೀನಾ?”

“ಬಿಚ್ಚಿ. ಬರಿಗಾಲಲ್ಲಿ ಗುಡಿಸಲ ಸುತ್ತ ನಡೀರಿ. ನಿಧಾನವಾಗಿ.”

ಗೊಣಗಿದರು, ನಡೆದರು. ಒಣ ಜೊಂಡು ಮುರಿಯುವ ಸದ್ದು ಕೇಳಿಸುತ್ತಿತ್ತು. “ಇಲ್ಲಿ ತಣ್ಣಗಿದೆ. ಇಲ್ಲೂ ತಣ್ಣಗೇ. ನಿಮ್ಮಪ್ಪನಿಗೆ ಹೇಳ್ತೀನಿ ಇರು, ಹುಡುಗಿಗೆ ಅತ್ತೆ ಮನೆ ಇಲ್ಲಾಂತ ಚಿಕ್ಕಪ್ಪನ್ನ ಕುಣಿಸ್ತಾಳೆ...”

ಸದ್ದು ನಿಂತಿತು.

“ಚಿಕ್ಕಪ್ಪ?”

ಎಮ್ಮೆಯೊಂದು ದೂರದಲ್ಲಿ ಕೂಗಿತು. ಅವರು ಮತ್ತೆ ಮಾತಾಡಿದಾಗ ದನಿ ಬಹಳ ಸಣ್ಣದಾಗಿತ್ತು, ಪಕ್ಕದಲ್ಲಿ ಮಲಗಿರುವ ಯಾರನ್ನೋ ಎಬ್ಬಿಸಬಾರದು ಎಂಬಂತೆ.

“ಎಮ್ಮೆಗಳು ಈ ಕಡೆ ಮಲಗ್ತಾನೇ ಇಲ್ಲ ನಿಬ್ರಾಸ್. ನಿನ್ನೆಯಿಂದ ಯಾಕೆ ಯಾಕೆ ಅಂತಿದ್ದೆ.”

“ಗಂಟು ಕಟ್ಟಿ.”

“ಚಿತ್ರದಲ್ಲಿ ಏನು ಕಾಣ್ತಿದೆ?”

“ಏನೂ ಕಾಣ್ತಿಲ್ಲ,” ಎಂದೆ. “ಕಟ್ಟಿ ಚಿಕ್ಕಪ್ಪ, ಕಟ್ಟಿ.”